ಒಂದು ಬಗೆಯ ಪಕ್ಷಿ

ನಮ್ಮ ಹಳೆಯ ಕಾವ್ಯಗಳ ಅರ್ಥಕೋಶಗಳನ್ನು ತಿರುವಿ ಹಾಕುವವರಿಗೆ ಒಂದು ನುಡಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಒಂದು ಬಗೆಯ ಪಕ್ಷಿ’. ಕವಿಯು ಕೊಳವನ್ನೋ ಬನವನ್ನೋ ವರ್ಣಿಸಲು ಹೊರಟು ಹಕ್ಕಿಗಳ ಹೆಸರನ್ನು ಸಾಲಾಗಿ ಹೇಳಿರುತ್ತಾನೆ. ಅಂಚೆ, ಕೊಂಚೆ, ಜಕ್ಕವಕ್ಕಿ, ಪುರುಳಿ ಎಂದು ಪಟ್ಟಿ ಬೆಳೆಯುತ್ತದೆ. ಅವುಗಳಲ್ಲಿ ಕೆಲವಕ್ಕೆ ಅರ್ಥ ದೊರೆಯುತ್ತದೆ. ಉಳಿದವಕ್ಕೆ ಈ ಒಂದೇ ಉತ್ತರ. ಪರೀಕ್ಷೆಗೆ ಓದುವ ವಿದ್ಯಾರ್ಥಿಗೆ ಅಷ್ಟು ಸಾಕಾಗಬಹುದು. ಕಾವ್ಯಕ್ಕಾಗಿ ಓದುವವನಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. ಕವಿ ಕಂಡದ್ದು ಬಣ್ಣವೂ ಕೊರಳೂ ನಡಿಗೆಯೂ ಉಳ್ಳ ಒಂದು ಹಕ್ಕಿಯನ್ನು. ನಮಗೆ ಉಳಿದದ್ದು ಬರಿಯ ಶಬ್ದ.

ಹೆಸರು ಉಳಿದು ಹಕ್ಕಿ ಮರೆಯಾಗುವುದು ಒಂದು ನಷ್ಟವಾದರೆ, ಹಕ್ಕಿ ಕಣ್ಣೆದುರಿಗಿದ್ದೂ ಹೆಸರು ತಿಳಿಯದಿರುವುದು ಇನ್ನೊಂದು. ಇದನ್ನು ಕಾಣಲು ದೂರದ ಕಾಡಿಗೆ ಹೋಗಬೇಕಾಗಿಲ್ಲ. ಮೈಸೂರಿನ ಕೆಸರೆಗೆ ಹೋದರೆ ಸಾಕು. ಒಂದು ಕಾಲಕ್ಕೆ ಊರಾಚೆಯ ಹಳ್ಳಿಯಾಗಿದ್ದ ಕೆಸರೆ ಈಗ ನಗರದ ಈಶಾನ್ಯದ ಬಡಾವಣೆಗಳೊಡನೆ ಬೆರೆತುಹೋಗಿದೆ. ಪಟ್ಟಣದ ಉತ್ತರ ಭಾಗದ ಕೊಳಚೆ ನೀರನ್ನು ಶುದ್ಧಿಮಾಡುವ ಘಟಕವಿರುವುದು ಇಲ್ಲಿಯೇ. ತಗ್ಗಿನ ನೆಲ, ನಿಂತ ನೀರು, ಜೊಂಡು, ಕೆಸರು. ನಾವು ಮೂಗು ಮುಚ್ಚಿಕೊಂಡು ದಾಟಿಹೋಗುವ ಇಂಥ ಜಾಗಗಳು ಹಕ್ಕಿಗಳಿಗೆ ಹುಳುಹುಪ್ಪಟೆಗಳ ಉಗ್ರಾಣ. ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಆ ಕಡೆ ಕಣ್ಣು ಹಾಯಿಸಿದರೆ ಬೆಳ್ಳಕ್ಕಿ, ಮೆಟ್ಟುಗಾಲ ಹಕ್ಕಿ, ಟಿಟ್ಟಿಭ, ಬಾಲ ಕುಣಿಸುವ ಕುಂಡೆಕುಸ್ಕ ಇವೆಲ್ಲ ಕಾಣಸಿಗುತ್ತವೆ. ಆದರೆ ದಾರಿಹೋಕರನ್ನು ಕೇಳಿನೋಡಿ: ಉದ್ದ ಕಾಲಿನದೆಲ್ಲ ಕೊಕ್ಕರೆ, ಈಜುವುದೆಲ್ಲ ಬಾತುಕೋಳಿ, ಉಳಿದುದೆಲ್ಲ ಗುಬ್ಬಿ. ಓದುಬರಹ ಬಲ್ಲ ಪಟ್ಟಣಿಗರಾದ ನಮ್ಮ ಪಾಲಿಗೆ ಬದುಕಿರುವ ಹಕ್ಕಿಯೂ ‘ಒಂದು ಬಗೆಯ ಪಕ್ಷಿ’ಯೇ ಆಗಿದೆ.

ಈಚಿನ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಈ ಕೊರತೆಯನ್ನು ತುಂಬುವ ಒಂದು ಕೆಲಸ ಸದ್ದಿಲ್ಲದೆ ನಡೆದುಬಂದಿದೆ. ಹಕ್ಕಿ ನೋಡುವ ಹವ್ಯಾಸದ ಸಾವಿರಾರು ಜನ ತಾವು ತೆಗೆದ ಚಿತ್ರವನ್ನೂ ಹಿಡಿದಿಟ್ಟ ಧ್ವನಿಯನ್ನೂ ಬರೆದ ಪಟ್ಟಿಯನ್ನೂ ಅಂತರಜಾಲದಲ್ಲಿ ಒಂದೆಡೆ ಕೂಡಿಡುತ್ತಿದ್ದಾರೆ. ಯಾರು ಬೇಕಾದರೂ ಅದನ್ನು ತೆರೆದು ತಾವು ಕಂಡ ಹಕ್ಕಿಯನ್ನು ಗುರುತಿಸಿಕೊಳ್ಳಬಹುದು. ಇದನ್ನು ಯಂತ್ರಯುಗದ ಒಂದು ಅನುಕೂಲವೆಂದು ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಇದರ ಹಿಂದೆ ಒಂದು ಚರಿತ್ರೆಯಿದೆ. ಹಕ್ಕಿಯನ್ನು ಕಂಡು ‘ಇದು ಇಂಥದು’ ಎಂದು ಹೇಳುವ ಅಧಿಕಾರ ಯಾರದು? ಆ ಮಾತಿಗೆ ಸಾಕ್ಷಿ ಏನು? ತಪ್ಪಾದರೆ ತಿದ್ದುವವರು ಯಾರು? ಈ ಮೂರು ಪ್ರಶ್ನೆಗಳಿಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ.

ಮೊದಲನೆಯದು ಬಂದೂಕಿನ ಕಾಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸಿನ ಸೈನ್ಯದಲ್ಲಿ ವೈದ್ಯರಾಗಿದ್ದ ಥಾಮಸ್ ಜೆರ್ಡಾನ್ ಅವರು ದಕ್ಷಿಣದ ಹಕ್ಕಿಗಳನ್ನು ಕ್ರಮವಾಗಿ ಪಟ್ಟಿಮಾಡಿದರು. ೧೮೬೨ರಿಂದ ೧೮೬೪ರವರೆಗೆ ಭಾರತದ ಹಕ್ಕಿಗಳ ಮೇಲೆ ದೊಡ್ಡ ಗ್ರಂಥವನ್ನೇ ಹೊರತಂದರು. ಜನ ಆಡುವ ದೇಶೀಯ ಹೆಸರುಗಳನ್ನೂ ಅವರು ಕೇಳಿ ಬರೆದುಕೊಂಡರೆಂಬುದು ಗಮನಿಸಬೇಕಾದ ಮಾತು. ಅವರ ತರುವಾಯ ಬಂದವರು ಅಲನ್ ಆಕ್ಟೇವಿಯನ್ ಹ್ಯೂಮ್. ೧೮೮೫ರಲ್ಲಿ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರಾದವರೆಂದು ನಾವು ಶಾಲೆಯ ಚರಿತ್ರೆಯಲ್ಲಿ ಓದುವ ಹ್ಯೂಮ್ ಇವರೇ. ದೇಶದ ನಾನಾ ಭಾಗಗಳಲ್ಲಿ ಕೆಲಸದ ಮೇಲಿದ್ದ ಅಧಿಕಾರಿಗಳು, ತೋಟದವರು, ವೈದ್ಯರು ಅವರಿಗೆ ಹಕ್ಕಿಗಳ ಚರ್ಮ, ಮೊಟ್ಟೆ, ಟಿಪ್ಪಣಿಗಳನ್ನು ಕಳುಹಿಸುತ್ತಿದ್ದರು. ಬಂದುದನ್ನು ಹಂಚಿಕೊಳ್ಳಲೆಂದೇ ಹ್ಯೂಮ್ ಅವರು ೧೮೭೨-೭೩ರಲ್ಲಿ ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಹಲವರು ಕೂಡಿ ಕಟ್ಟಿದ ಹಕ್ಕಿ ಭಂಡಾರ ಎಂಬುದು ಅಂತರಜಾಲದೊಡನೆ ಹುಟ್ಟಿದ್ದಲ್ಲ ಎನ್ನುವುದಕ್ಕೆ ಇಷ್ಟೇ ಸಾಕು.

ಈ ಭಂಡಾರಕ್ಕೆ ಒದಗಿದ ಗತಿಯನ್ನು ಮಾತ್ರ ಮರೆಯುವಂತಿಲ್ಲ. ಹ್ಯೂಮ್ ಅವರು ತಮ್ಮ ಮಹಾಗ್ರಂಥಕ್ಕಾಗಿ ವರ್ಷಗಟ್ಟಲೆ ಬರೆದಿಟ್ಟಿದ್ದ ಹಸ್ತಪ್ರತಿಗಳನ್ನು, ಅವರು ಶಿಮ್ಲಾದ ಮನೆಯಲ್ಲಿ ಇಲ್ಲದಿದ್ದಾಗ ಆಳೊಬ್ಬ ರದ್ದಿಯ ಲೆಕ್ಕದಲ್ಲಿ ಬಜಾರಿಗೆ ಮಾರಿಬಿಟ್ಟನು. ಅದರೊಡನೆ ಅವರ ಉತ್ಸಾಹವೂ ಇಳಿದುಹೋಯಿತು. ಮೊಟ್ಟೆಗಳೂ ಸೇರಿ ಸುಮಾರು ೮೨,೦೦೦ ಮಾದರಿಗಳ ಸಂಗ್ರಹವನ್ನು ಅವರು ೧೮೮೫ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದರು. ನೂರಾರು ಕೈಗಳು ಕೂಡಿಸಿದ್ದು ಒಂದೇ ಮನೆಯಲ್ಲಿತ್ತು. ಒಂದೇ ಮನೆಯಲ್ಲಿದ್ದುದರಿಂದ ಬರಹ ಬಜಾರಿಗೂ ಹಕ್ಕಿ ಕಡಲಾಚೆಗೂ ಹೋದವು. ಇಲ್ಲಿಯ ಹಕ್ಕಿಯ ಹೆಸರು ಸರಿಯೇ ಎಂದು ನೋಡಬೇಕಾದವರು ಅಲ್ಲಿಗೇ ಹೋಗಿ ಪೆಟ್ಟಿಗೆ ತೆಗೆಸಬೇಕಾಯಿತು. ಸಾಕ್ಷಿ ಬಲವಾದುದು, ನಿಜ. ಸಾಕ್ಷಿಯ ಹತ್ತಿರ ಹೋಗಬಲ್ಲವರು ಮಾತ್ರ ಬೆರಳೆಣಿಕೆಯ ಮಂದಿ.

ನಮ್ಮ ಮೈಸೂರು ಈ ಚರಿತ್ರೆಯೊಳಗೆ ಚೆನ್ನಾಗಿ ಕಾಣಿಸಿಕೊಳ್ಳುವುದು ಸಲೀಂ ಅಲಿಯವರಿಂದ. ೧೯೩೯-೪೦ರ ಚಳಿಗಾಲದಲ್ಲಿ ಅವರು ಮೈಸೂರು ಸಂಸ್ಥಾನದಲ್ಲಿ ಸಂಚರಿಸಿ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅದರ ವರದಿ ೧೯೪೨-೪೩ರಲ್ಲಿ ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಐದು ಕಂತುಗಳಲ್ಲಿ, ಹ್ಯೂ ವಿಸ್ಲರ್ ಅವರ ಹೆಸರಿನೊಡನೆ ಪ್ರಕಟವಾಯಿತು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ೧೯೪೦ರಲ್ಲಿ ಪಕ್ಷಿಧಾಮವಾದದ್ದೂ ಅವರ ಒತ್ತಾಯದಿಂದಲೇ. ಆ ಸಮೀಕ್ಷೆ ಹಳೆಯ ಪದ್ಧತಿಯದು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಚೀಟಿ ಕಟ್ಟಿ ಇಡುವುದು ಅದರ ಕ್ರಮ. ಆದರೆ ಅದೇ ಸಲೀಂ ಅಲಿಯವರು ೧೯೪೧ರಲ್ಲಿ ಭಾರತದ ಹಕ್ಕಿಗಳನ್ನು ಕುರಿತು ಬರೆದ ಕೈಪಿಡಿ ಇನ್ನೊಂದು ಕಾಲಕ್ಕೆ ಬಾಗಿಲು ತೆರೆಯಿತು. ಬಣ್ಣದ ಚಿತ್ರವನ್ನೂ ಲಕ್ಷಣದ ವಿವರವನ್ನೂ ಮುಂದಿಟ್ಟುಕೊಂಡು, ಗುಂಡು ಹಾರಿಸದೆಯೆ ದುರ್ಬೀನಿನಿಂದ ಹಕ್ಕಿಯನ್ನು ಗುರುತಿಸಬಹುದೆಂಬ ಧೈರ್ಯವನ್ನು ಅದು ಸಾಮಾನ್ಯ ಓದುಗರಿಗೆ ಕೊಟ್ಟಿತು.

ಇದು ಎರಡನೆಯ ಕಾಲ, ದುರ್ಬೀನಿನ ಕಾಲ. ಹಕ್ಕಿಯ ಜೀವ ಉಳಿಯಿತು. ನೋಡುವವರ ಸಂಖ್ಯೆ ಬೆಳೆಯಿತು. ಜಾಫರ್ ಫತೇಹಲ್ಲಿಯವರು ೧೯೫೯ರಲ್ಲಿ ಆರಂಭಿಸಿದ ಹಕ್ಕಿ ವೀಕ್ಷಕರ ವಾರ್ತಾಪತ್ರ ದೇಶದ ಮೂಲೆಮೂಲೆಯ ಹವ್ಯಾಸಿಗಳನ್ನು ಒಂದುಗೂಡಿಸಿತು. ಮುಂದೆ ಅದು ಬೆಂಗಳೂರಿನಿಂದಲೇ ಹೊರಡತೊಡಗಿತು. ೧೯೭೨ರಲ್ಲಿ ಜೋಸೆಫ್ ಜಾರ್ಜ್ ಅವರು ಬೆಂಗಳೂರಿನಲ್ಲಿ ಹಕ್ಕಿ ನೋಡುವವರ ಸಂಘವನ್ನು ಕಟ್ಟಿದರು. ಆ ಸಂಘದವರ ಟಿಪ್ಪಣಿ ಪುಸ್ತಕಗಳಿಂದ ಬೆಂಗಳೂರಿನ ಹಕ್ಕಿಗಳ ಪಟ್ಟಿಯೊಂದು ೧೯೯೪ರಲ್ಲಿ ಸಿದ್ಧವಾಯಿತು. ೧೯೮೭ರಲ್ಲಿ ಏಷ್ಯದ ನೀರುಹಕ್ಕಿಗಳ ಗಣತಿ ಆರಂಭವಾದ ಮೇಲೆ ‘ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್’ ಬಳಗದವರು ಚಳಿಗಾಲದಲ್ಲಿ ಜಿಲ್ಲೆಯ ಕೆರೆಯಿಂದ ಕೆರೆಗೆ ಹೋಗಿ ಎಣಿಸುವ ಕೆಲಸವನ್ನು ಕೈಗೆತ್ತಿಕೊಂಡರು. ಇವರೆಲ್ಲ ಸಂಬಳಕ್ಕೆ ದುಡಿದವರಲ್ಲ. ಬೇರೆ ಬೇರೆ ಉದ್ಯೋಗಗಳಲ್ಲಿದ್ದು ಭಾನುವಾರದ ನಿದ್ದೆಯನ್ನು ಬಿಟ್ಟುಕೊಟ್ಟವರು.

ಆದರೂ ಈ ಕಾಲಕ್ಕೆ ಒಂದು ದೌರ್ಬಲ್ಯವಿತ್ತು. ದುರ್ಬೀನಿನಲ್ಲಿ ಕಂಡ ಹಕ್ಕಿ ಹಾರಿಹೋಗುತ್ತದೆ. ಉಳಿಯುವುದು ಕಂಡವರ ಮಾತು. ಅಪರೂಪದ ಹಕ್ಕಿಯೊಂದನ್ನು ನೋಡಿದೆನೆಂದು ಒಬ್ಬರು ಬರೆದರೆ ಅದನ್ನು ನಂಬುವುದೂ ಬಿಡುವುದೂ ಬರೆದವರು ಯಾರೆಂಬುದರ ಮೇಲೆ ನಿಂತಿರುತ್ತಿತ್ತು. ಹೆಸರಾಂತ ವೀಕ್ಷಕರ ಮಾತಿಗೆ ತೂಕವಿತ್ತು. ಕೆಸರೆಯ ಹುಡುಗನೊಬ್ಬ ಅದೇ ಮಾತನ್ನು ಹೇಳಿದರೆ ಕೇಳುವವರು ಯಾರು? ಅವನು ಕಂಡದ್ದು ಸರಿಯೇ ಇದ್ದರೂ ಅದನ್ನು ತೋರಿಸಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಹಿರಿಯರು ತಪ್ಪಿದ್ದರೆ ಅದನ್ನು ತಿದ್ದುವ ದಾರಿಯೂ ಇರಲಿಲ್ಲ.

ಮೂರನೆಯ ಕಾಲ ತಂದ ನಿಜವಾದ ಬದಲಾವಣೆ ಇಲ್ಲಿದೆ. ಅಗ್ಗದ ಡಿಜಿಟಲ್ ಕ್ಯಾಮೆರಾವೂ ಧ್ವನಿ ಹಿಡಿಯುವ ಮೊಬೈಲೂ ಸಾಕ್ಷಿಯನ್ನು ಮರಳಿ ತಂದವು, ಹಕ್ಕಿಯನ್ನು ಕೊಲ್ಲದೆ ತಂದವು. ಅಂತರಜಾಲ ಆ ಸಾಕ್ಷಿಯನ್ನು ಎಲ್ಲರ ಮುಂದೆ ಇಟ್ಟಿತು. ಅಮೆರಿಕೆಯ ಕಾರ್ನೆಲ್ ಪಕ್ಷಿಶಾಸ್ತ್ರ ಸಂಸ್ಥೆ ಮತ್ತು ಆಡುಬಾನ್ ಸೊಸೈಟಿ ಸೇರಿ ೨೦೦೨ರಲ್ಲಿ ‘ಇಬರ್ಡ್’ ಎಂಬ ಪಟ್ಟಿಗಳ ಭಂಡಾರವನ್ನು ತೆರೆದವು. ೨೦೦೫ರಲ್ಲಿ ಬಾಬ್ ಪ್ಲಾಂಕೆ ಮತ್ತು ವಿಲೆಮ್ ಪಿಯರ್ ವೆಲಿಂಗಾ ಎಂಬ ಇಬ್ಬರು ಡಚ್ಚರು ಹಕ್ಕಿಗಳ ಧ್ವನಿಗೆಂದೇ ‘ಜೀನೋ ಕ್ಯಾಂಟೊ’ ಎಂಬ ಭಂಡಾರವನ್ನು ಆರಂಭಿಸಿದರು. ಅಮೆರಿಕ ಖಂಡದ ಕೆಲವೇ ಹಕ್ಕಿಗಳಿಂದ ಹೊರಟ ಅದರಲ್ಲಿ ಇಂದು ಹತ್ತು ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿಗಳ ಕೊರಳಿದೆ. ೨೦೦೮ರಲ್ಲಿ ನಮ್ಮ ದೇಶದ್ದೇ ಆದ ‘ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್’ ಬಂದಿತು.

ಇವುಗಳ ಕಾರ್ಯಕ್ರಮವನ್ನು ಸ್ವಲ್ಪ ವಿವರಿಸುವುದು ಒಳ್ಳೆಯದು. ಧ್ವನಿಯೊಂದನ್ನು ಸೇರಿಸುವವರು ಅದರೊಡನೆ ದಿನ, ಹೊತ್ತು, ಸ್ಥಳ, ಹಾಡೋ ಕರೆಯೋ ಎಂಬುದನ್ನು ಬರೆಯಬೇಕು. ತಮಗೆ ತೋರಿದ ಹೆಸರನ್ನೂ ಬರೆಯಬೇಕು. ಇನ್ನೊಬ್ಬರಿಗೆ ಆ ಹೆಸರು ಸರಿಯಲ್ಲವೆಂದು ತೋರಿದರೆ ಪ್ರಶ್ನೆ ಹಾಕಬಹುದು. ಪ್ರಶ್ನೆ ಬಿದ್ದ ಧ್ವನಿ, ಚರ್ಚೆ ತೀರುವವರೆಗೆ, ಸಂದೇಹದ ಗುರುತಿನೊಡನೆ ಬೇರೆಯಾಗಿ ನಿಲ್ಲುತ್ತದೆ. ಧ್ವನಿಯನ್ನು ಅಳಿಸುವುದಿಲ್ಲ, ಹೆಸರನ್ನು ತಿದ್ದುತ್ತಾರೆ. ಪಟ್ಟಿಗಳಲ್ಲಿಯೂ ಹಾಗೆಯೇ. ಆ ಊರಿಗೂ ಆ ಕಾಲಕ್ಕೂ ಹೊಂದದ ಹಕ್ಕಿ ಕಾಣಿಸಿಕೊಂಡರೆ, ಆ ಪ್ರದೇಶವನ್ನು ಬಲ್ಲ ಸ್ವಯಂಸೇವಕರೊಬ್ಬರು ಬರೆದವರನ್ನೇ ವಿವರ ಕೇಳುತ್ತಾರೆ.

ಕನ್ನಡ ಪಾಠ ಹೇಳುವ ನನಗೆ ಇದು ಅಪರಿಚಿತವಾದ ಪದ್ಧತಿಯಾಗಿ ಕಾಣಲಿಲ್ಲ. ಗ್ರಂಥಸಂಪಾದನೆ ಮಾಡುವವರ ಪದ್ಧತಿ ಇದೇ ಅಲ್ಲವೆ? ಓಲೆಯ ಪ್ರತಿಯನ್ನು ಯಾರೂ ತಿದ್ದುವುದಿಲ್ಲ. ತಮಗೆ ಸರಿತೋರಿದ ಪಾಠವನ್ನು ಮೇಲಿಟ್ಟು ಉಳಿದ ಪಾಠಾಂತರಗಳನ್ನು ಕೆಳಗೆ ಕೊಡುತ್ತಾರೆ. ಮುಂದೆ ಬರುವವರು ಒಪ್ಪದಿದ್ದರೆ ಓಲೆ ಇದ್ದೇ ಇದೆ. ನಿಘಂಟಿನ ಕೆಲಸವೂ ಹಾಗೆಯೇ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ೧೯೪೦ರ ದಶಕದಲ್ಲಿ ಹೊರಟು ೧೯೯೫ರಲ್ಲಿ ಮುಗಿದದ್ದು. ಶಾಸನದಿಂದ, ಕಾವ್ಯದಿಂದ ಒಂದೊಂದು ಶಬ್ದವನ್ನು ಆರಿಸಿ, ಅದು ಬಂದ ವಾಕ್ಯವನ್ನೂ ಬಂದ ಸ್ಥಳವನ್ನೂ ಬರೆದ ಚೀಟಿಗಳು ಅದಕ್ಕೆ ತಳಹದಿ. ಅರ್ಥದಲ್ಲಿ ಭಿನ್ನಾಭಿಪ್ರಾಯ ಬರಬಹುದು, ಪ್ರಯೋಗ ಕಣ್ಣೆದುರಿಗಿರುತ್ತದೆ. ಹಲವರು ಕೂಡಿ ಮಾಡಿದ ಕೆಲಸ ನಿಲ್ಲುವುದು ಹಲವರು ಜಾಣರಾಗಿರುವುದರಿಂದಲ್ಲ, ಸಾಕ್ಷಿಯನ್ನೂ ಅಭಿಪ್ರಾಯವನ್ನೂ ಬೇರೆ ಬೇರೆಯಾಗಿ ಇಟ್ಟಿರುವುದರಿಂದ.

ಹಕ್ಕಿಗಳ ವಿಷಯದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಶಾಸ್ತ್ರದ ಹೆಸರುಗಳೇ ಸ್ಥಿರವಲ್ಲ. ನಮ್ಮ ಮನೆಗಳ ಹಿತ್ತಲಿಗೆ ಬರುವ ಚುಕ್ಕೆ ಬೆಳವ ಬಹುಕಾಲ ‘ಸ್ಟ್ರೆಪ್ಟೊಪೀಲಿಯ’ ಎಂಬ ಕುಲಕ್ಕೆ ಸೇರಿತ್ತು; ಈಗ ‘ಸ್ಪೈಲೊಪೀಲಿಯ’ ಎಂಬ ಕುಲಕ್ಕೆ ಸೇರಿದೆ. ಹಕ್ಕಿ ಬದಲಾಗಲಿಲ್ಲ, ಕನ್ನಡದ ಬೆಳವವೂ ಬದಲಾಗಲಿಲ್ಲ. ಚಿತ್ರವೂ ಸ್ಥಳವೂ ದಿನವೂ ಭದ್ರವಾಗಿದ್ದರೆ ಹೆಸರು ಎಷ್ಟು ಸಲ ಬದಲಾದರೂ ಬಾಧಕವಿಲ್ಲ.

ಮೈಸೂರಿನವರು ಈ ಹೊಸ ಭಂಡಾರವನ್ನು ಕೇವಲ ಉಪಯೋಗಿಸಿಕೊಂಡವರಲ್ಲ. ಅದಕ್ಕೆ ತಮ್ಮ ಪಾಲನ್ನೂ ಸಲ್ಲಿಸಿದವರು. ೨೦೧೪ರಿಂದ ೨೦೧೬ರವರೆಗೆ ಇಲ್ಲಿಯ ಹವ್ಯಾಸಿಗಳು ನಗರವನ್ನು ಚೌಕಗಳಾಗಿ ಹಂಚಿಕೊಂಡು ನಡೆದು, ಕಂಡುದನ್ನೆಲ್ಲ ಇಬರ್ಡಿಗೆ ಸೇರಿಸಿ, ಮೈಸೂರು ನಗರದ ಹಕ್ಕಿಗಳ ಅಟ್ಲಾಸನ್ನು ಸಿದ್ಧಪಡಿಸಿದರು. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳಿಗೆ ಹಕ್ಕಿ ನೋಡಲು ಹೋಗುವವರು ಯಾವಾಗಲೂ ಇದ್ದರು. ಚೌಕದ ಪದ್ಧತಿಯ ಗುಣವೆಂದರೆ ಅದು ಚೆಲುವಾದ ಕೆರೆಗೂ ಸಾಧಾರಣವಾದ ಬೀದಿಗೂ ಒಂದೇ ಬೆಲೆ ಕೊಡುತ್ತದೆ. ಇದರ ಬೆನ್ನಿಗೇ ಕೇರಳದವರು ೨೦೧೫ರಿಂದ ೨೦೨೦ರವರೆಗೆ ಇಡೀ ರಾಜ್ಯಕ್ಕೆ ಅಟ್ಲಾಸ್ ಮಾಡಿದರು. ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ದುಡಿದರು. ೨೦೨೩ರಲ್ಲಿ ಹೊರಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ, ಸುಮಾರು ೩೦,೦೦೦ ವೀಕ್ಷಕರು ಬರೆದಿಟ್ಟ ಮೂರು ಕೋಟಿ ದಾಖಲೆಗಳನ್ನು ಆಧರಿಸಿ ೯೪೨ ಜಾತಿಗಳ ಸ್ಥಿತಿಯನ್ನು ಪರಿಶೀಲಿಸಿತು. ೧೭೮ ಜಾತಿಗಳಿಗೆ ತುರ್ತಾಗಿ ಗಮನ ಬೇಕೆಂದು ಹೇಳಿತು. ಒಬ್ಬಿಬ್ಬರು ಪಂಡಿತರು ಎಷ್ಟೇ ತಿರುಗಿದರೂ ಇಷ್ಟನ್ನು ಕೂಡಿಹಾಕುವುದು ಸಾಧ್ಯವಿರಲಿಲ್ಲ.

ಹಾಗೆಂದು ಈ ಭಂಡಾರಗಳನ್ನು ಕಣ್ಣುಮುಚ್ಚಿ ಹೊಗಳಬೇಕಾಗಿಲ್ಲ. ಹ್ಯೂಮ್ ಅವರ ಕಥೆ ಕಲಿಸುವ ಎಚ್ಚರ ಇಲ್ಲಿಗೂ ಬೇಕು. ಬಾರ್ಸಿಲೋನದ ಪ್ರಕಾಶನ ಸಂಸ್ಥೆಯೊಂದು ೨೦೦೨ರಲ್ಲಿ ಆರಂಭಿಸಿದ್ದ ‘ಇಂಟರ್ನೆಟ್ ಬರ್ಡ್ ಕಲೆಕ್ಷನ್’ ಎಂಬ ಚಿತ್ರಭಂಡಾರ ೨೦೨೦ರಲ್ಲಿ ನಿಂತುಹೋಯಿತು. ಕಾರ್ನೆಲಿನ ಮೆಕಾಲೆ ಗ್ರಂಥಾಲಯ ಅದನ್ನು ತನ್ನೊಳಗೆ ಸೇರಿಸಿಕೊಂಡದ್ದರಿಂದ ಜನರ ಶ್ರಮ ಉಳಿಯಿತು. ಎಲ್ಲಕ್ಕೂ ಅಂಥ ಅದೃಷ್ಟ ಒದಗುತ್ತದೆಂದು ಹೇಳಲಾಗದು. ಆದಕಾರಣ ತಾನು ಕೊಟ್ಟದ್ದರ ಒಂದು ಪ್ರತಿಯನ್ನು ಪ್ರತಿಯೊಬ್ಬನೂ ತನ್ನಲ್ಲಿ ಇಟ್ಟುಕೊಂಡಿರಬೇಕು. ಊರಿನ ಬಳಗವೂ ಇಟ್ಟುಕೊಂಡಿರಬೇಕು. ಕೊಟ್ಟದ್ದನ್ನು ಯಾರು ಬೇಕಾದರೂ ಬಳಸಬಹುದು, ಆದರೆ ಕೊಟ್ಟವರ ಹೆಸರನ್ನು ಹೇಳಬೇಕು ಎಂಬ ‘ಕ್ರಿಯೇಟಿವ್ ಕಾಮನ್ಸ್’ ಕರಾರು ೨೦೦೨ರಲ್ಲಿ ಬಳಕೆಗೆ ಬಂದದ್ದು ಇಲ್ಲಿ ದೊಡ್ಡ ಉಪಕಾರ ಮಾಡಿದೆ. ಹಂಚಿಕೆಗೆ ಮಿತಿಯೂ ಉಂಟು. ಹಿಡಿದು ಮಾರುವವರ ಕಣ್ಣಿಗೆ ಬೀಳಬಾರದ ಹಕ್ಕಿಗಳ ಸ್ಥಳವನ್ನು ಇಬರ್ಡಿನವರು ಮರೆಮಾಡುತ್ತಾರೆ. ಅಂಥ ಕೆಲವು ಹಕ್ಕಿಗಳ ಧ್ವನಿಯನ್ನು ಜೀನೋ ಕ್ಯಾಂಟೊದವರು ಎಲ್ಲರಿಗೂ ಬಿಟ್ಟುಕೊಡುವುದಿಲ್ಲ. ಗೂಡಿನ ಗುಟ್ಟು ಗೂಡಿನದೇ ಆಗಿರುವುದು ನ್ಯಾಯ.

ಇನ್ನೊಂದು ಸಂಗತಿ. ೨೦೧೪ರಲ್ಲಿ ಬಂದ ‘ಮರ್ಲಿನ್’ ಎಂಬ ಮೊಬೈಲ್ ಸಾಧನ ೨೦೨೧ರಿಂದ ಧ್ವನಿಯನ್ನು ಕೇಳಿಯೇ ಹಕ್ಕಿಯ ಹೆಸರು ಹೇಳುತ್ತಿದೆ. ನೋಡಿದವರು ಯಂತ್ರದ ಜಾಣತನಕ್ಕೆ ಬೆರಗಾಗುತ್ತಾರೆ. ಆದರೆ ಯಂತ್ರ ಕಲಿತದ್ದು ಜನರಿಂದಲೇ. ಹವ್ಯಾಸಿ ಜನ ಸೇರಿಸಿದ ಚಿತ್ರ, ಧ್ವನಿಗಳಲ್ಲಿ ಯಾವ ಕ್ಷಣದಲ್ಲಿ ಯಾವ ಹಕ್ಕಿ ಕೂಗಿತೆಂದು ಮನುಷ್ಯರೇ ಕುಳಿತು ಗುರುತು ಹಾಕಿಕೊಟ್ಟ ಮೇಲೆ ಅದಕ್ಕೆ ಆ ವಿದ್ಯೆ ಬಂದದ್ದು. ಯಂತ್ರ ಹೇಳಿದ ಹೆಸರೂ ಒಂದು ಅಭಿಪ್ರಾಯವೇ ಹೊರತು ಸಾಕ್ಷಿಯಲ್ಲ. ಅದು ಹೇಳಿತೆಂದು ನೋಡದ ಹಕ್ಕಿಯನ್ನು ಪಟ್ಟಿಗೆ ಸೇರಿಸಿದರೆ, ಕಟ್ಟಿದ ಭಂಡಾರವನ್ನು ನಾವೇ ಕಲಬೆರಕೆ ಮಾಡಿದಂತಾಗುತ್ತದೆ.

ಇನ್ನು ನಮ್ಮ ಭಾಷೆಯ ಮಾತು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ತಾವೇ ಚಿತ್ರ ತೆಗೆದು, ‘ಕನ್ನಡ ನಾಡಿನ ಹಕ್ಕಿಗಳು’ ಮುಂತಾದ ಪುಸ್ತಕಗಳನ್ನು ಬರೆದು, ಮಡಿವಾಳ ಹಕ್ಕಿ, ಕಾಜಾಣ, ಮಿಂಚುಳ್ಳಿ, ಗೀಜಗಗಳನ್ನು ಸಾವಿರಾರು ಓದುಗರ ಕಣ್ಣಿಗೆ ಕಟ್ಟಿಕೊಟ್ಟರು. ಆ ಕೆಲಸವನ್ನು ಹಲವರು ಕೂಡಿ ಮುಂದುವರಿಸಬೇಕಾಗಿದೆ. ಒಂದು ಹಕ್ಕಿಗೆ ಒಂದು ಶಿಷ್ಟವಾದ ಕನ್ನಡ ಹೆಸರನ್ನು ಗೊತ್ತುಮಾಡುವುದು ಒಂದು ಕೆಲಸ. ಜನರ ಬಾಯಲ್ಲಿರುವ ಹೆಸರುಗಳನ್ನೆಲ್ಲ ಊರು ಸಮೇತ ಕೂಡಿಡುವುದು ಇನ್ನೊಂದು ಕೆಲಸ. ಎರಡನೆಯದು ಹೆಚ್ಚು ಅವಸರದ್ದು. ಕೆರೆಯಂಚಿನ ಬೆಸ್ತರು, ಕುರಿಗಾಹಿಗಳು, ಗದ್ದೆಯಲ್ಲಿ ದುಡಿಯುವ ಹೆಂಗಸರು, ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಲ್ಲಿ ನೆಲೆನಿಂತ ಹಕ್ಕಿಪಿಕ್ಕಿ ಜನ, ಇವರ ನೆನಪಿನಲ್ಲಿ ಇರುವುದು ಪುಸ್ತಕಗಳಿಗಿಂತ ಹಳೆಯ ಭಂಡಾರ. ಹಿಂದಿನ ಕಾಲದ ಸಾಹೇಬರಿಗೆ ಹಕ್ಕಿ ತಂದುಕೊಟ್ಟು ಹೆಸರು ಹೇಳಿಕೊಟ್ಟ ಇಂಥವರ ಹೆಸರು ಆ ಗ್ರಂಥಗಳಲ್ಲಿ ಕಾಣುವುದು ಅಪರೂಪ. ಈಗಿನ ಭಂಡಾರದಲ್ಲಾದರೂ, ಅವರು ಒಪ್ಪಿದರೆ, ‘ಈ ಹೆಸರನ್ನು ಹೇಳಿದವರು ಇಂಥವರು, ಇಂಥ ಊರಿನವರು’ ಎಂದು ಬರೆಯುವುದಕ್ಕೆ ಜಾಗವಿದೆ. ಚಿತ್ರದ ಪಕ್ಕದಲ್ಲಿ ಹೇಳಿದವರ ಧ್ವನಿಯಲ್ಲಿಯೇ ಆ ಹೆಸರನ್ನು ಇಡುವುದಕ್ಕೂ ಸಾಧ್ಯವಿದೆ.

ಅಂಥ ಭಂಡಾರದಿಂದ ಕಾವ್ಯಕ್ಕೂ ಲಾಭವಿದೆ. ಹಂಸವೆಂಬ ಹೆಸರು ಹಿಂದೆ ಹೆಬ್ಬಾತುಗಳಿಗೂ ಸಲ್ಲುತ್ತಿತ್ತೆಂದು ವಿದ್ವಾಂಸರು ಹೇಳುತ್ತಾರೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತು ನಂಜನಗೂಡಿನ ಬಳಿಯ ಹದಿನಾರು ಕೆರೆಗೆ ಚಳಿಗಾಲದಲ್ಲಿ ಇಳಿಯುತ್ತದೆ. ನಮ್ಮ ಕವಿಗಳ ಅಂಚೆಯನ್ನು ಓದುವಾಗ ಆ ಕೆರೆಯ ಚಿತ್ರವನ್ನೂ ಧ್ವನಿಯನ್ನೂ ವಿದ್ಯಾರ್ಥಿಗಳ ಮುಂದೆ ಇಡಬಹುದು. ಅದು ಇದೇ ಎಂದು ಹಟ ಹಿಡಿಯಬೇಕಾಗಿಲ್ಲ. ಇದಾಗಿರಬಹುದು ಎಂದು ವಿಚಾರಕ್ಕೆ ಬಿಟ್ಟರೆ ಸಾಕು.

ಇದಕ್ಕಿಂತ ದೊಡ್ಡ ಪಣ ನೆಲದ್ದು. ಕೆಸರೆಯಂಥ ತಗ್ಗು ನೆಲಗಳು ಪಟ್ಟಣ ಬೆಳೆದಂತೆ ತುಂಬಿ ಮೇಲೇಳುತ್ತವೆ. ಹೆಸರಾದ ಕೆರೆಗೆ ಕುತ್ತು ಬಂದರೆ ಕೂಗುವವರಿದ್ದಾರೆ; ಹೆಸರಿಲ್ಲದ ಜೌಗಿಗೆ ಯಾರಿದ್ದಾರೆ? ಮುಂದೆ ಯಾರಾದರೂ ‘ಅಲ್ಲಿ ಏನಿತ್ತು?’ ಎಂದು ಕೇಳಿದಾಗ, ಬರೆದಿಟ್ಟ ಪಟ್ಟಿಯೊಂದು ಇಲ್ಲದಿದ್ದರೆ ‘ಒಂದಷ್ಟು ಹಕ್ಕಿಗಳಿದ್ದವು’ ಎಂಬುದಷ್ಟೇ ಉತ್ತರ. ಅದು ಯಾವ ಕಚೇರಿಯಲ್ಲಿಯೂ ನಿಲ್ಲುವ ಉತ್ತರವಲ್ಲ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ ೨೦೧೩ರಿಂದ ನಮ್ಮ ದೇಶದವರೂ ಸೇರುತ್ತಿದ್ದಾರೆ. ಅದಕ್ಕೆ ಹದಿನೈದು ನಿಮಿಷದ ಬಿಡುವಿದ್ದರೆ ಸಾಕು. ಓದುಗರು ತಮ್ಮ ಬೀದಿಯ, ತಮ್ಮ ಚರಂಡಿಯ, ತಮ್ಮ ಖಾಲಿ ನಿವೇಶನದ ಹಕ್ಕಿಗಳನ್ನು ಬರೆದಿಡಲಿ: ದಿನ, ಹೊತ್ತು, ಸ್ಥಳ, ಎಷ್ಟು ಕಂಡವು, ಮನೆಯ ಹಿರಿಯರು ಅದನ್ನು ಏನೆಂದು ಕರೆಯುತ್ತಿದ್ದರು. ಹೆಸರು ಗೊತ್ತಿಲ್ಲದಿದ್ದರೂ ಚಿತ್ರವಿರಲಿ. ಹೆಸರನ್ನು ಇನ್ನೊಬ್ಬರು ಹೇಳಿಯಾರು. ಆ ದಿನ ಆ ಹಕ್ಕಿ ಅಲ್ಲಿತ್ತೆಂಬುದನ್ನು ಕಂಡವರೇ ಹೇಳಬೇಕು.